ಕಾಡಿನ ರಾತ್ರಿಗೊಂದು ಜೋಲಿ



ಶನಿವಾರ ಬಂತೆಂದರೆ ನಮ್ಮ ವಾಕಡದ ಹುಡುಗ ಹುಡುಗಿಯರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ವಾರದ ಐದು ದಿನ ಹಿಂಜವಡಿಯ ಕಂಪನಿಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಬಾಗಿಸುವ ನೀವು, ಆರನೆಯ ದಿನ ಬೆನ್ನಿಗೆ ಚೀಲ ಏರಿಸಿ ಸಹ್ಯಾದ್ರಿಯ ದಾರಿ ಹಿಡಿಯುತ್ತೀರಿ. ಪವನಾ ಜಲಾಶಯ, ರಾಜಮಾಚಿ, ಮುಳಶಿ, ತಾಮ್ಹಿಣಿ ಎಂಬ ಹೆಸರುಗಳು ನಿಮ್ಮ ಬಾಯಲ್ಲಿ ಸೋದರಮಾವನ ಊರಿನ ಹೆಸರಿನಷ್ಟು ಸಲೀಸು. ಮೊದಲು ಡೇರೆ ಹಾಕಿ ಮಲಗುತ್ತಿದ್ದಿರಿ. ಈಗ ಎರಡು ಮರಗಳ ನಡುವೆ ಹ್ಯಾಮಕ್ ಕಟ್ಟಿ ಮಲಗುವ ಹುಚ್ಚು ಹಿಡಿದಿದೆ. ಹುಚ್ಚು ಎಂದದ್ದಕ್ಕೆ ಸಿಟ್ಟಾಗಬೇಡಿ. ಐವತ್ತು ದಾಟಿದ ಮೇಲೆ ನಾನೂ ಮಗಳ ಜೊತೆ ಹೋಗಿ ಹಾಗೆ ಮಲಗಿ ಬಂದವಳು. ಆದ್ದರಿಂದಲೇ ಈ ನಾಲ್ಕು ಮಾತು ಬರೆಯುವ ಧೈರ್ಯ.

ಹ್ಯಾಮಕ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಸಂಘದ ಕಾರ್ಯಕ್ರಮದಲ್ಲಿ ಒಬ್ಬ ಹುಡುಗ ಕೇಳಿದ. "ಜೋಲಿ" ಎಂದೆ. "ಅದು ಕೂಸು ಮಲಗಿಸೋದಲ್ಲ ಕಾಕು?" ಎಂದು ನಕ್ಕ. ಹೌದಪ್ಪಾ, ಅದೇ. ನಿಮ್ಮಲ್ಲಿ ಅನೇಕರು ಹುಟ್ಟಿದ ಹೊಸತರಲ್ಲಿ ಇದೇ ಪುಣೆಯ ಫ್ಲಾಟುಗಳಲ್ಲಿ, ಛತ್ತಿನ ಕೊಂಡಿಗೆ ಕಟ್ಟಿದ ಅಜ್ಜಿಯ ಹಳೆಯ ಸೀರೆಯಲ್ಲಿ ಮಲಗಿದವರು. ಇಂಗ್ಲಿಷಿನ ಹ್ಯಾಮಕ್ ಎಂಬ ಪದ ಬಂದದ್ದು ಕೆರಿಬಿಯನ್ ದ್ವೀಪಗಳ ತೈನೋ ಜನರ 'ಹಮಾಕಾ' ಎಂಬ ಮಾತಿನಿಂದ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದಾಗ ಜನ ನೆಲ ಬಿಟ್ಟು ಬಲೆಯಲ್ಲಿ ಮಲಗುವುದನ್ನು ಕಂಡ. ಮುಂದೆ ಯುರೋಪಿನ ಹಡಗುಗಳ ನಾವಿಕರಿಗೆಲ್ಲ ಅದೇ ಹಾಸಿಗೆಯಾಯಿತು. ಹಡಗು ಎಷ್ಟು ಹೊಯ್ದಾಡಿದರೂ ಜೋಲಿಯಲ್ಲಿ ಮಲಗಿದವನು ಉರುಳಿ ಬೀಳುವುದಿಲ್ಲ ನೋಡಿ.

ಇಷ್ಟು ದೂರ ಹೋಗುವುದೇ ಬೇಡ. ನಮ್ಮ ವಾಕಡದಲ್ಲಿ ಯಾವುದಾದರೂ ಕಟ್ಟಡ ಏಳುತ್ತಿರುವ ಜಾಗಕ್ಕೆ ಹೋಗಿ ನೋಡಿ. ಎರಡು ಕಂಬಗಳ ನಡುವೆ ಸೀರೆಯ ಜೋಲಿ ತೂಗುತ್ತಿರುತ್ತದೆ. ತಾಯಿ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದನ್ನು ತೂಗಿ ಹೋಗುತ್ತಾಳೆ. ಕಿವಿಗೊಟ್ಟರೆ ಅವಳು ಕೂಸಿಗೆ ಆಡುವ ಮಾತು ಕನ್ನಡವಾಗಿರುವುದೂ ಉಂಟು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವರು ಪುಣೆಯಲ್ಲಿ ಬಹಳ. ಅಂಥ ಒಬ್ಬಾಕೆಯನ್ನು "ಯಾಕವ್ವಾ, ಕೂಸನ್ನ ನೆರಳಾಗ ಕೆಳಗ ಮಲಗಿಸಬಾರದೇನು?" ಎಂದು ಕೇಳಿದೆ. "ಕೆಳಗ ಇರವಿ, ಚೇಳು, ನಾಯಿ ಅದಾವ್ರಿ ಅಕ್ಕಾರ, ಮ್ಯಾಲಿದ್ರ ಜ್ವಾಕಿ" ಎಂದಳು. ಹ್ಯಾಮಕ್ ಮಾರುವವರು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಹೇಳುವುದೂ ಇದನ್ನೇ. ನೀವು ಮೋಜಿಗೆ ಕಟ್ಟುವುದನ್ನು ಅವಳು ನಿರ್ವಾಹವಿಲ್ಲದೆ ಕಟ್ಟುತ್ತಾಳೆ. ನಿಮ್ಮ ಮೋಜಿಗೆ ನನ್ನ ತಕರಾರಿಲ್ಲ. ಆದರೆ ಇನ್ನು ಮೇಲೆ ಅಂಥ ಜೋಲಿಯ ಪಕ್ಕ ಹಾದುಹೋಗುವಾಗ ಕನ್ನಡದಲ್ಲಿ ಒಂದು ಮಾತಾಡಿಸಿ ಹೋಗಿ.

ಈಗ ಕೊಳ್ಳುವ ಮಾತಿಗೆ ಬರೋಣ. ಎರಡೂ ತುದಿಗೆ ಮರದ ಪಟ್ಟಿ ಇರುವ, ಹಗ್ಗದಿಂದ ಹೆಣೆದ ಜೋಲಿಗಳು ತೋಟದಲ್ಲಿ ಫೋಟೋ ತೆಗೆಸಿಕೊಳ್ಳಲು ಚೆನ್ನ. ರಾತ್ರಿ ಅದರಲ್ಲಿ ಮಗ್ಗುಲು ಬದಲಿಸಿದರೆ ಅದು ನಿಮ್ಮನ್ನು ಮಗುಚಿ ಹಾಕುತ್ತದೆ. ಹತ್ತಿಯದು ಮೈಗೆ ಹಿತ, ಆದರೆ ಮಂಜು ಬಿದ್ದರೆ ನೀರು ಹೀರಿ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ. ಕಾಡಿಗೆ ಯೋಗ್ಯವಾದದ್ದು ಪ್ಯಾರಾಶೂಟ್ ಬಟ್ಟೆಯಂಥ ನೈಲಾನಿನದು. ತೂಕ ಅರ್ಧ ಕಿಲೋದ ಆಸುಪಾಸು, ಮಡಚಿದರೆ ತೆಂಗಿನಕಾಯಿಯಷ್ಟು. ಉದ್ದ ನೋಡಿ ಕೊಳ್ಳಿ. ಮೂರು ಮೀಟರಿಗಿಂತ ಗಿಡ್ಡದಾದರೆ ದೊಡ್ಡವರಿಗೆ ಮಲಗಲು ಸುಖವಿಲ್ಲ. 3.3 ಮೀಟರ್ ಇದ್ದರೆ ಒಳ್ಳೆಯದು. ಎಷ್ಟು ಕಿಲೋ ತಡೆಯುತ್ತದೆ ಎಂಬುದನ್ನು ಓದಿ. ಸೊಳ್ಳೆಪರದೆ ಜೊತೆಗೇ ಹೊಲಿದಿರುವುದನ್ನು ಆರಿಸಿ. ತೆಳುವಾದ ಬಟ್ಟೆಯ ಕೆಳಗಿನಿಂದಲೂ ಸೊಳ್ಳೆ ಕಚ್ಚುವುದರಿಂದ ತಳ ಎರಡು ಪದರವಿದ್ದರೆ ಮೇಲು.

ಜೋಲಿಗಿಂತ ಹೆಚ್ಚು ಲಕ್ಷ್ಯ ಕೊಡಬೇಕಾದದ್ದು ಅದನ್ನು ಮರಕ್ಕೆ ಕಟ್ಟುವ ಪಟ್ಟಿಗೆ. ಸಣ್ಣ ಹಗ್ಗ ತೊಗಟೆಯನ್ನು ಕೊರೆಯುತ್ತದೆ. ಮರದ ಆಹಾರ ಹರಿಯುವುದು ತೊಗಟೆಯ ಒಳಪದರದಲ್ಲಿ. ಅದು ಸುತ್ತಲೂ ಕತ್ತರಿಸಿದರೆ ಮರ ನಿಂತಲ್ಲೇ ಸಾಯುತ್ತದೆ. ಎರಡೂವರೆ ಸೆಂಟಿಮೀಟರಿಗಿಂತ ಅಗಲವಾದ, ಹಿಗ್ಗದ ಪಾಲಿಯೆಸ್ಟರ್ ಪಟ್ಟಿಯೇ ಬೇಕು. ಬೀಗದ ಕೈಗೆ ಹಾಕುವ ಅಲಂಕಾರದ ಕೊಂಡಿಯನ್ನು ನಂಬಬೇಡಿ. ಭಾರ ಎಷ್ಟೆಂದು ಬರೆದಿರುವ ಗಟ್ಟಿ ಕೊಂಡಿಯನ್ನೇ ಕೊಳ್ಳಿ.

ಕಟ್ಟುವುದರಲ್ಲಿ ಒಂದು ಲೆಕ್ಕವಿದೆ. ನಮ್ಮ ಕಡೆ ನಾಗರಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟಿ ಜೀಕುತ್ತಿದ್ದೆವು. ಅದರ ಎರಡು ಹಗ್ಗ ನೆಟ್ಟಗೆ ಇಳಿಬಿದ್ದಿರುತ್ತವೆ. 60 ಕಿಲೋ ತೂಕದವಳು ಸುಮ್ಮನೆ ಕೂತರೆ ಒಂದೊಂದು ಹಗ್ಗಕ್ಕೆ 30 ಕಿಲೋ ಭಾರ. ಹ್ಯಾಮಕ್ಕಿನ ಹಗ್ಗ ಹಾಗಲ್ಲ, ಓರೆಯಾಗಿ ಎಳೆಯುತ್ತದೆ. ಹಗ್ಗ ನೆಲದ ಮಟ್ಟಕ್ಕೆ 30 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಬದಿಗೆ 60 ಕಿಲೋ ಬೀಳುತ್ತದೆ. ಚಂದ ಕಾಣಲೆಂದು ಅರಿವೆ ಒಣಹಾಕುವ ತಂತಿಯಂತೆ ಬಿಗಿದು 10 ಡಿಗ್ರಿಗೆ ತಂದರೆ ಅದೇ ಭಾರ 170 ಕಿಲೋ ದಾಟುತ್ತದೆ. 5 ಡಿಗ್ರಿಗೆ ತಂದರೆ 340. ನಿಮ್ಮಲ್ಲಿ ಇಂಜಿನಿಯರುಗಳೇ ಹೆಚ್ಚು, ಸೈನ್ ಹಾಕಿ ನೋಡಿಕೊಳ್ಳಿ. ಜೋಲಿ ಎಂಬ ಹೆಸರೇ ಜೋತು ಬೀಳುವುದನ್ನು ಹೇಳುತ್ತದೆ. ಅದು ಜೋತಿರಲಿ, ಬಿಗಿಯಬೇಡಿ. ಹೆಬ್ಬೆರಳನ್ನು ಮೇಲೆ ಎತ್ತಿ ತೋರುಬೆರಳನ್ನು ಮುಂದೆ ಚಾಚಿದರೆ, ಆ ಎರಡು ತುದಿಗಳನ್ನು ಸೇರಿಸುವ ಗೆರೆಯೇ ಸುಮಾರು 30 ಡಿಗ್ರಿ. ಪಟ್ಟಿಯನ್ನು ಅದಕ್ಕೆ ಹಿಡಿದು ನೋಡಿದರೆ ಸಾಕು.

ಮರಗಳ ನಡುವೆ ನಾಲ್ಕರಿಂದ ಐದು ಮೀಟರ್ ಅಂತರವಿರಲಿ. ಪಟ್ಟಿ ಸುಮಾರು ನಿಮ್ಮ ತಲೆಯ ಎತ್ತರಕ್ಕೆ ಬರಲಿ. ಕೂತಾಗ ಜೋಲಿಯ ತಳ ಕುರ್ಚಿಯ ಎತ್ತರದಲ್ಲಿ, ಅಂದರೆ ನೆಲದಿಂದ 45 ಸೆಂಟಿಮೀಟರ್ ಮೇಲೆ ಇರಬೇಕು. ಕಣಿವೆಯ ಅಂಚಿನಲ್ಲಿ, ನೀರಿನ ಮೇಲೆ, ಒಂದರ ಮೇಲೊಂದು ಐದು ಜೋಲಿ ಕಟ್ಟಿ ಚಿತ್ರ ತೆಗೆಯುವ ಆಸೆ ಬೇಡ. ಹತ್ತುವಾಗ ಮೊದಲು ಕೂತು, ನಿಧಾನವಾಗಿ ಭಾರ ಹಾಕಿ ನೋಡಿ, ಆಮೇಲೆ ಕಾಲು ಎತ್ತಿ. ಬಾಳೆಹಣ್ಣಿನಂತೆ ನೆಟ್ಟಗೆ ಮಲಗಿದರೆ ಬೆಳಿಗ್ಗೆ ಬೆನ್ನು ಹಿಡಿಯುತ್ತದೆ. ಓರೆಯಾಗಿ, ತಲೆ ಒಂದು ಬದಿಗೆ ಕಾಲು ಇನ್ನೊಂದು ಬದಿಗೆ ಬರುವಂತೆ ಮಲಗಿ. ಬಟ್ಟೆ ಚಪ್ಪಟೆಯಾಗಿ ಬೆನ್ನು ಸಮವಾಗುತ್ತದೆ.

ಮರ ಆರಿಸುವಾಗ ಕೆಳಗೆ ನೋಡುವುದಕ್ಕಿಂತ ಮೊದಲು ಮೇಲೆ ನೋಡಿ. ಒಣಕೊಂಬೆ, ಹೆಜ್ಜೇನು, ಎಲೆ ಸೇರಿಸಿ ಗೂಡು ಕಟ್ಟಿದ ಕೆಂಪಿರುವೆ, ಇವು ಮೂರೂ ಇರಬಾರದು. ತೆಂಗಿನಮರದ ಕೆಳಗಂತೂ ಬೇಡವೇ ಬೇಡ. ಘಟ್ಟದ ಕಾಡಿನಲ್ಲಿ ಹೊಳಗೇರು ಎಂಬ ಮರವಿದೆ. ಅದರ ಸೊನೆ ತಗುಲಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಗೊತ್ತಿಲ್ಲದ ಮರವನ್ನು ತಬ್ಬಿಕೊಳ್ಳುವ ಮೊದಲು ಊರವರನ್ನು ಕೇಳಿ. ಮಹಾರಾಷ್ಟ್ರದಲ್ಲಿ ದೇವರಾಯಿ, ನಮ್ಮಲ್ಲಿ ದೇವರಕಾಡು ಎನ್ನುವ ಕಡೆ ಊರವರ ಅಪ್ಪಣೆಯಿಲ್ಲದೆ ಒಂದು ದಾರವನ್ನೂ ಕಟ್ಟಬಾರದು. ಭೀಮಾಶಂಕರ 1985ರಿಂದ, ತಾಮ್ಹಿಣಿ 2013ರಿಂದ ವನ್ಯಜೀವಿ ಅಭಯಾರಣ್ಯಗಳು. ಅಂಥಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವುದು ಕಾನೂನಿಗೆ ವಿರುದ್ಧ. ನಾವು ಮಾವಳದಲ್ಲಿ ಒಬ್ಬ ರೈತರನ್ನು ಕೇಳಿ ಅವರ ಮಾವಿನ ತೋಪಿನಲ್ಲಿ ಕಟ್ಟಿದೆವು. ರಾತ್ರಿ ಅವರ ಮನೆಯ ಪಿಠಲೆ ಭಾಕ್ರಿ ಉಂಡೆವು. ಕಾಡಿನ ಅಂಚು ಅಲ್ಲಿಂದ ಕೂಗಳತೆಯಲ್ಲಿತ್ತು. ಮೊದಲ ಸಲಕ್ಕೆ ಅಷ್ಟು ಸಾಕು.

ಡಿಸೆಂಬರಿನ ಆ ರಾತ್ರಿಗೆ ನಾನು ಅಮ್ಮ ಹೊಲಿದ ಕೌದಿಯನ್ನು ಹೊತ್ತು ಹೋಗಿದ್ದೆ. ಮಗಳ ಗೆಳತಿಯರು ನಕ್ಕರು. ಜೋಲಿಯಲ್ಲಿ ಚಳಿ ಬರುವುದು ಕೆಳಗಿನಿಂದ. ಮೈ ಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಹತ್ತಿ ಒತ್ತಿಹೋಗಿ ಅದರೊಳಗಿನ ಗಾಳಿ ಖಾಲಿಯಾಗುತ್ತದೆ, ಬೆಚ್ಚಗಿಡುವುದು ಆ ಗಾಳಿಯೇ. ಆದ್ದರಿಂದ ಬೆನ್ನ ಕೆಳಗೆ ಫೋಮಿನ ಚಾಪೆ ಹಾಕಬೇಕು, ಇಲ್ಲವೇ ಜೋಲಿಯ ಹೊರಗೆ, ತಳಕ್ಕೆ ತಾಗುವಂತೆ ಒಂದು ರಜಾಯಿ ಕಟ್ಟಬೇಕು. ಮಗಳು ನನ್ನ ಕೌದಿಯ ನಾಲ್ಕು ಮೂಲೆಗೆ ಲಾಡಿ ಕಟ್ಟಿ ಹಾಗೆ ತೂಗುಹಾಕಿದಳು. ನಸುಕಿನ ಮೂರು ಗಂಟೆಗೆ ನಕ್ಕವರೇ ಎದ್ದು ಬಂದು "ಕಾಕು, ಇನ್ನೊಂದು ಕೌದಿ ಐತೇನ್ರಿ?" ಎಂದು ಕೇಳಿದರು. ಮಳೆಗಾಲಕ್ಕೆ ಮೇಲೆ ಮೂರು ಮೀಟರ್ ಅಗಲದ ತಾಡಪತ್ರಿ ಬೇಕು. ಪಟ್ಟಿಯ ಗುಂಟ ನೀರು ಇಳಿದು ಬರದಂತೆ, ಅದು ಜೋಲಿಗೆ ಸೇರುವ ಮೊದಲೇ ಒಂದು ದಾರದ ತುಂಡು ಕಟ್ಟಿ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಗುಡುಗು ಮಿಂಚಿನ ಸೂಚನೆಯಿದ್ದರೆ ಮರದ ಸಹವಾಸವೇ ಬೇಡ, ಊರೊಳಗೆ ಬನ್ನಿ.

ನೆಲ ಬಿಟ್ಟು ಮಲಗುವುದರ ನಿಜವಾದ ಲಾಭ ಇನ್ನೊಂದಿದೆ. ಮರಾಠಿಯಲ್ಲಿ ಮಣ್ಯಾರ ಎನ್ನುವ ಕಟ್ಟುಹಾವು ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ಅನೇಕ ಸಲ ನೋವೂ ಇಲ್ಲ, ಬಾವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆ ತಾನಾಗಿ ಮುಚ್ಚಿಕೊಳ್ಳತೊಡಗಿದರೆ ಗ್ಯಾಸ್ ಎಂದು ಸುಮ್ಮನಿರದೆ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಎರಡನೆಯದು ಉಣ್ಣಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಬಂದಾಗ, ಅದರ ವೈರಾಣುವನ್ನು ಗುರುತಿಸಿದವರು ನಮ್ಮ ಇದೇ ಪುಣೆಯ ವೈರಸ್ ರಿಸರ್ಚ್ ಸೆಂಟರಿನವರು. 1952ರಲ್ಲಿ ಶುರುವಾದ ಅದು ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಆ ಮಂಗನ ಕಾಯಿಲೆ 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿತು. ಒಣ ತಿಂಗಳುಗಳಲ್ಲಿ ಮಲೆನಾಡಿಗೆ ಚಾರಣ ಹೋಗುವವರು ನೆನಪಿಡಿ: ಉಣ್ಣಿ ಇರುವುದು ತರಗೆಲೆಯಲ್ಲಿ, ಕುರುಚಲಿನಲ್ಲಿ. ಜೋಲಿ ರಾತ್ರಿಗೆ ಕಾಯುತ್ತದೆ, ಹಗಲಿಗೆ ಉದ್ದ ತೋಳು, ಉದ್ದ ಪ್ಯಾಂಟು, ಕಾಲುಚೀಲ ಬೇಕು. ಕಚ್ಚಿದ ಉಣ್ಣಿಯನ್ನು ಸುಡಬೇಡಿ, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ಕೊನೆಗೆ ಒಂದು ಮಾತು. ಇದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ. ನಿಮ್ಮಲ್ಲಿ ಕೆಲವರು, ಅದರಲ್ಲೂ ಹುಡುಗಿಯರು, ಮನೆಯಲ್ಲಿ "ಗೆಳತಿಯ ರೂಮಿನಲ್ಲಿ ಓದುತ್ತೇವೆ" ಎಂದು ಹೇಳಿ ಕಾಡಿಗೆ ಹೋಗುವುದು ನನಗೆ ಗೊತ್ತು. ಕೇಳಿದರೆ ಬಿಡುವುದಿಲ್ಲ ಎಂಬ ನಿಮ್ಮ ದೂರೂ ಸುಳ್ಳಲ್ಲ. ಹುಡುಗರಿಗೆ ಒಂದು ಮಾತಿನಲ್ಲಿ ಸಿಗುವ ಒಪ್ಪಿಗೆ ಹುಡುಗಿಯರಿಗೆ ಹತ್ತು ಮಾತಿಗೂ ಸಿಗುವುದಿಲ್ಲ. ಆದರೆ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ಏನಾದರೂ ಆದರೆ, ಹುಡುಕುವವರು ಮೊದಲು ಹೋಗುವುದು ನೀವು ಹೇಳಿದ ಜಾಗಕ್ಕೆ. ನೀವಿಲ್ಲದ ರೂಮಿನ ಬಾಗಿಲು ಬಡಿಯುತ್ತ ಅಪ್ಪ ಅಮ್ಮ ನಿಂತರೆ ಕಳೆದುಹೋಗುವ ಗಂಟೆಗಳು ಎಷ್ಟು, ಯೋಚಿಸಿ. ಹಾವಿನ ವಿಷಕ್ಕೆ ಔಷಧ ಉಂಟು, ಕಳೆದ ಹೊತ್ತಿಗೆ ಔಷಧವಿಲ್ಲ.

ಬೇಡ ಎನ್ನುವ ತಾಯಿಗೆ ಕಾಡು ಎಂದರೆ ಬರೀ ಕತ್ತಲು. ಆ ಕತ್ತಲಿಗೆ ಒಂದೊಂದೇ ವಿವರ ಕೊಡಿ. ಯಾವ ಊರು, ಯಾರ ಜಮೀನು, ಅವರ ಫೋನ್ ನಂಬರು, ಜೊತೆಗೆ ಯಾರು, ಎಷ್ಟು ಗಂಟೆಗೆ ವಾಪಸು, ಎಲ್ಲವನ್ನೂ ಕಾಗದದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಜೋಲಿಯನ್ನು ಮೊದಲು ನಿಮ್ಮ ಸೊಸೈಟಿಯ ತೋಟದಲ್ಲಿ ಕಟ್ಟಿ, ಅಮ್ಮನನ್ನೇ ಅದರಲ್ಲಿ ಕೂರಿಸಿ ತೂಗಿ. ನಿಮ್ಮನ್ನು ತೂಗಿದ ಕೈಗಳಿಗೆ ಅದರ ಹದ ನಿಮಗಿಂತ ಚೆನ್ನಾಗಿ ಗೊತ್ತು. ಹಗ್ಗ ಎಳೆದು ನೋಡಿ, "ಇಲ್ಲಿ ಸಡಿಲ ಐತಿ ನೋಡು" ಎಂದು ಅವಳೇ ಹೇಳಿಯಾಳು. ಅಷ್ಟು ಹೇಳಿದಳೆಂದರೆ ಅರ್ಧ ಒಪ್ಪಿದಳೆಂದೇ ತಿಳಿಯಿರಿ. ಇನ್ನರ್ಧ ನೀವು ಹೇಳಿದ ಹೊತ್ತಿಗೆ ಮನೆಗೆ ಬಂದು ಗಳಿಸಬೇಕು.