ಕಛೇರಿ ಕೇಳುವ ಸುಖ

ಚೈತ್ರಮಾಸ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸಂಗೀತಪ್ರಿಯರಿಗೆ ಬೆಂಗಳೂರು ಹತ್ತಿರವಾಗುತ್ತದೆ. ದಾರಿಯೇನೂ ಕುಗ್ಗುವುದಿಲ್ಲ, ದೊಡ್ಡಬಳ್ಳಾಪುರದಿಂದ ಅದೇ ಸುಮಾರು 40 ಕಿಲೋಮೀಟರು. ಆದರೂ ಶ್ರೀರಾಮನವಮಿಯ ಸಂಗೀತೋತ್ಸವ ಮೊದಲಾಯಿತೆಂಬ ಸುದ್ದಿ ಕಿವಿಗೆ ಬಿದ್ದ ಮೇಲೆ ಕೆಲವರಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಮಧ್ಯಾಹ್ನವೇ ಬಸ್ಸು ಹತ್ತಿ, ಸಂಜೆಯ ಹೊತ್ತಿಗೆ ಚಾಮರಾಜಪೇಟೆ ಸೇರಿ, ಮುಂದಿನ ಸಾಲಿನಲ್ಲಲ್ಲದಿದ್ದರೂ ಶ್ರುತಿ ಕೇಳಿಸುವಷ್ಟು ಸಮೀಪದಲ್ಲಿ ಒಂದು ಸ್ಥಳವನ್ನು ಸಂಪಾದಿಸಿಕೊಂಡರೆ ಅವರ ಪ್ರಯಾಣ ಸಾರ್ಥಕ.

ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನಕ್ಕೂ ರಾಮೋತ್ಸವದ ಸಂಗೀತಕ್ಕೂ ಹಳೆಯ ನಂಟು. 1939ರಲ್ಲಿ, ಇನ್ನೂ ಎಳೆಯ ವಯಸ್ಸಿನವರಾಗಿದ್ದ ಎಸ್. ವಿ. ನಾರಾಯಣಸ್ವಾಮಿ ರಾಯರು ಆರಂಭಿಸಿದ ಶ್ರೀರಾಮಸೇವಾ ಮಂಡಲಿಯು ಕಾಲಕ್ರಮದಲ್ಲಿ ನಾಡಿನ ಹಿರಿಯ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆಯಿತು. ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಂಠವನ್ನೂ ಭೀಮಸೇನ ಜೋಶಿಯವರ ಕಂಠವನ್ನೂ ಬೆಂಗಳೂರಿನ ಜನ ಈ ಚಪ್ಪರದ ಕೆಳಗೆ ಕೇಳಿದರು. ಚೀಟಿ ಕೊಂಡವರು ಒಳಗೆ ಕುಳಿತರು. ಕೊಳ್ಳಲಾರದವರು ಹೊರಗೆ, ರಸ್ತೆಯ ಬದಿಯಲ್ಲಿ ಕುಳಿತರು. ಚಪ್ಪರಕ್ಕೆ ಗೋಡೆಯಿಲ್ಲದಿರುವುದು ದೊಡ್ಡ ಉಪಕಾರವೆಂದೇ ಹೇಳಬೇಕು. ಸಂಗೀತ ಚೀಟಿಯನ್ನು ನೋಡಿ ಒಳಹೊರಗೆಂದು ಭೇದವೆಣಿಸುವುದಿಲ್ಲ.

ಇಷ್ಟು ಪ್ರಯಾಸಪಟ್ಟು ಹೋಗುವುದೇಕೆ? ಒಂದು ಕಾಲದಲ್ಲಿ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಮೂರು ನಾಲ್ಕು ನಿಮಿಷಗಳಷ್ಟೇ ಹಿಡಿಸುತ್ತಿದ್ದವು; ವಿದ್ವಾಂಸರು ಸಾಗರದಂಥ ರಾಗವನ್ನು ಬೊಗಸೆಯಲ್ಲಿ ತುಂಬಿ ಕೊಡಬೇಕಾಗಿತ್ತು. ಈಗ ಆ ಕೊರತೆಯಿಲ್ಲ. ಕೈಯಲ್ಲಿ ಹಿಡಿದ ದೂರವಾಣಿಯಲ್ಲೇ ಮೂರು ಗಂಟೆಯ ಕಛೇರಿಯನ್ನು ಆದಿಯಿಂದ ಅಂತ್ಯದವರೆಗೆ ಕೇಳಬಹುದು, ಬೇಕಾದ ಕಡೆ ನಿಲ್ಲಿಸಬಹುದು. ಆದರೆ ಅಲ್ಲಿ ದೊರೆಯುವುದು ಆಗಿಹೋದ ಸಂಗೀತ. ಕಛೇರಿಯಲ್ಲಿ ದೊರೆಯುವುದು ಆಗುತ್ತಿರುವ ಸಂಗೀತ.

ನಮ್ಮ ಸಂಗೀತದ ಸ್ವರೂಪವೇ ಅಂಥದು. ಕೀರ್ತನೆಯನ್ನು ವಾಗ್ಗೇಯಕಾರನು ರಚಿಸಿಟ್ಟಿದ್ದಾನೆ. ಅದರ ಮುಂಚಿನ ಆಲಾಪನೆಯನ್ನು, ನಡುವಿನ ನೆರವಲನ್ನು, ಕಲ್ಪನಾಸ್ವರವನ್ನು ಯಾರೂ ರಚಿಸಿಟ್ಟಿಲ್ಲ. ಅವು ವೇದಿಕೆಯ ಮೇಲೆ ಆ ಗಳಿಗೆಯಲ್ಲಿ ಹುಟ್ಟಬೇಕು. ಗಾಯಕನು ತೋಡಿಯನ್ನು ಮಂದ್ರದಿಂದ ಮೆಲ್ಲಮೆಲ್ಲನೆ ಎತ್ತುತ್ತಾನೆ. ಮುಂದಿನ ಸಂಚಾರ ಯಾವುದೆಂಬುದು ಪಕ್ಕದಲ್ಲಿರುವ ಪಿಟೀಲು ವಾದಕನಿಗೂ ತಿಳಿದಿರುವುದಿಲ್ಲ. ಅವನು ನೆರಳಿನಂತೆ ಹಿಂಬಾಲಿಸುತ್ತಾನೆ. ಗಾಯಕ ನಿಲ್ಲಿಸಿದಾಗ ತಾನು ಕೇಳಿದ್ದನ್ನು ತನ್ನ ಕಮಾನಿನಿಂದ ಮತ್ತೆ ಕಟ್ಟಿಕೊಡುತ್ತಾನೆ. ಒಮ್ಮೊಮ್ಮೆ ಗಾಯಕನಿಗೆ ಹೊಳೆಯದ ಒಂದು ಎಳೆ ಅವನಿಗೆ ಹೊಳೆದುಬಿಡುತ್ತದೆ. ಆಗ ಗಾಯಕನ ಮುಖದಲ್ಲಿ ಮೂಡುವ ನಗೆಯನ್ನು ಯಾವ ಧ್ವನಿಮುದ್ರಿಕೆಯೂ ಹಿಡಿಯಲಾರದು. ಸಾಹಸವಿರುವಲ್ಲಿ ಅಪಾಯವೂ ಉಂಟು. ಸ್ವರ ಸೋಲಬಹುದು, ಲೆಕ್ಕ ತಪ್ಪಬಹುದು. ಏನೂ ತಪ್ಪದೆಂಬ ಭರವಸೆಯಿರುವ ಕಡೆ ಕೇಳುಗನು ಉಸಿರು ಬಿಗಿಹಿಡಿದು ಕೂರಬೇಕಾದ ಕಾರಣವೇ ಇಲ್ಲ.

ಕೇಳುಗನಿಗೂ ಇಲ್ಲಿ ಕೆಲಸವುಂಟು. ಆದಿತಾಳದ ಎಂಟು ಅಕ್ಷರಗಳನ್ನು ಸಭೆ ತೊಡೆಯ ಮೇಲೆ ಎಣಿಸುತ್ತಿರುತ್ತದೆ: ಒಂದು ಪೆಟ್ಟು, ಕಿರುಬೆರಳಿನಿಂದ ಮೊದಲಾಗಿ ಮೂರು ಎಣಿಕೆ, ಆಮೇಲೆ ಪೆಟ್ಟು ಮತ್ತು ಹುಸಿ, ಪುನಃ ಪೆಟ್ಟು ಮತ್ತು ಹುಸಿ. ಹೊಸಕೋಟೆಯಿಂದ ಬಂದವನು, ಬಸವನಗುಡಿಯಿಂದ ಬಂದವನು ಪರಸ್ಪರ ಹೆಸರನ್ನೂ ಅರಿಯರು. ಆದರೂ ಇಬ್ಬರ ಅಂಗೈಗಳೂ ಏಕಕಾಲದಲ್ಲಿ ಇಳಿಯುತ್ತವೆ. ಸ್ವರಗಳ ಸುಳಿಯಲ್ಲಿ ಸುತ್ತಿ ಬಂದ ಗಾಯಕ ಕೂದಲೆಳೆಯೂ ಹೆಚ್ಚುಕಡಿಮೆಯಾಗದಂತೆ ಪಲ್ಲವಿಯನ್ನು ಎತ್ತಿಕೊಂಡಾಗ ಸಾವಿರ ಕಂಠಗಳಿಂದ ‘ಭಲೆ’ ಎಂಬ ಉದ್ಗಾರ ಹೊಮ್ಮುತ್ತದೆ. ಅದನ್ನು ಕೇಳಿದ ಗಾಯಕನು ಮತ್ತೊಂದು ಆವರ್ತಕ್ಕೆ ಧೈರ್ಯಮಾಡುತ್ತಾನೆ. ಸಭೆ ಮಂಕಾಗಿದ್ದರೆ ಅವನೂ ಬೇಗನೆ ಮುಗಿಸುತ್ತಾನೆ. ಕಛೇರಿಯನ್ನು ಕೆಡಿಸುವ ಶಕ್ತಿಯೂ ಕೇಳುಗರಿಗುಂಟೆಂಬುದನ್ನು ಮರೆಯಬಾರದು.

ಕೇಳುಗರಿಗಾಗಿ ವಾದ್ಯವನ್ನೇ ಮಾರ್ಪಡಿಸಿದ ಕಲಾವಿದರೊಬ್ಬರು ನಮ್ಮ ನಾಡಿನಲ್ಲೇ ಇದ್ದರು. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ದಿನಗಳಲ್ಲಿ ಪಿಟೀಲಿನ ನಾದ ದೊಡ್ಡ ಸಭೆಯ ಹಿಂದಿನವರಿಗೆ ಮುಟ್ಟುತ್ತಿರಲಿಲ್ಲ. ತಿರುಮಕೂಡಲಿನ ಟಿ. ಚೌಡಯ್ಯನವರು (1895–1967) ನಾಲ್ಕು ತಂತಿಗಳಿಗೆ ಇನ್ನು ಮೂರನ್ನು ಸೇರಿಸಿ, ಏಳು ತಂತಿಗಳ ಪಿಟೀಲನ್ನು ನುಡಿಸಿದರು. ಹಿಂದೆ ಕುಳಿತವನೂ ತನ್ನ ಕೇಳುಗನೆಂಬ ಕಾಳಜಿ ಆ ತಂತಿಗಳಲ್ಲಿತ್ತು. ಬೆಂಗಳೂರಿನಲ್ಲಿ 1980ರಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಒಂದು ಸಭಾಭವನ ಎದ್ದಿತು. ಇಂದು ಧ್ವನಿವರ್ಧಕಗಳಿಗೆ ಬರವಿಲ್ಲ. ಕೆಲವೆಡೆ ತಂಬೂರಿಯೇ ಮುಳುಗುವಷ್ಟು ಅಬ್ಬರ. ಅದು ಬೇರೆಯ ಮಾತು.

ಶಾಸ್ತ್ರ ಬಲ್ಲವರಿಗೆ ಮಾತ್ರ ಈ ಸುಖವೆಂಬ ಅಂಜಿಕೆ ಅನೇಕರಲ್ಲಿದೆ. ಇದು ನಿಜವಲ್ಲ. ತಾನು ಶಾಸ್ತ್ರೀಯ ಸಂಗೀತವನ್ನೇ ಕೇಳಿಲ್ಲವೆನ್ನುವ ಹಳ್ಳಿಗನೂ ಮದುವೆಯ ಮನೆಯಲ್ಲಿ, ರಥೋತ್ಸವದಲ್ಲಿ ಓಲಗ ಕೇಳಿರುತ್ತಾನೆ. ನಾಗಸ್ವರದವರು ನುಡಿಸುವುದೂ ಅದೇ ಕಲ್ಯಾಣಿ, ಅದೇ ಮೋಹನ. ರಾಗದ ಹೆಸರು ತಿಳಿಯದವನಿಗೂ ಅದರ ಮುಖಪರಿಚಯ ಇದ್ದೇ ಇರುತ್ತದೆ. ದೊಡ್ಡಬಳ್ಳಾಪುರದ ಮಗ್ಗದವರಂತೂ ಹಗಲೆಲ್ಲ ಲಯದ ನಡುವೆಯೇ ಬಾಳುವವರು. ಲಾಳಿಯ ಓಟ ಒಂದಿಷ್ಟು ತಪ್ಪಿದರೂ ಅವರ ಕಿವಿ ಥಟ್ಟನೆ ಎಚ್ಚರಗೊಳ್ಳುತ್ತದೆ. ಇಂಥ ಕಿವಿಗೆ ಮೃದಂಗ ಅಪರಿಚಿತವಾದೀತೆ? ಆದರೆ ಕೂಲಿಯವನಿಗೆ ಮಗ್ಗ ನಿಂತ ಹೊತ್ತಿಗೆ ಕೂಲಿಯೂ ನಿಲ್ಲುತ್ತದೆ. ಅರ್ಧ ದಿನದ ದುಡಿಮೆಯನ್ನು ಬಿಟ್ಟು ಕಛೇರಿಗೆ ಬರುವವನು ತನ್ನ ಆಸನಕ್ಕೆ ತೆರುವ ಬೆಲೆ ಮುಂದಿನ ಸಾಲಿನ ಚೀಟಿಗಿಂತ ಕಡಿಮೆಯದಲ್ಲ.

ಇಂಥವನು ತನಿ ಆವರ್ತನ ಮೊದಲಾದಾಗ ಏಳುವುದಿಲ್ಲ. ಆ ಹೊತ್ತಿಗೆ ಕಾಫಿಗೆಂದು ಏಳುವವರು ಹತ್ತಿರದ ಬಡಾವಣೆಗಳವರು. ಮೃದಂಗಕ್ಕೂ ಘಟಕ್ಕೂ ನಡೆಯುವ ಸವಾಲು ಜವಾಬು ಮುಗಿದು, ಎರಡೂ ಕೂಡಿ ಮುಕ್ತಾಯ ಹೊಡೆಯುವವರೆಗೂ ಅವನ ಕಣ್ಣು ವಾದಕರ ಬೆರಳುಗಳನ್ನು ಬಿಟ್ಟು ಕದಲುವುದಿಲ್ಲ. ಅನಂತರವೇ ಗಡಿಯಾರದ ನೆನಪು. ಊರಿನ ಕೊನೆಯ ಬಸ್ಸು ಮಂಗಳದವರೆಗೆ ಕಾಯುವುದಿಲ್ಲ. ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕುಳಿತವರ ಮೊಣಕಾಲು ತಾಗದಂತೆ ಬಾಗಿ ಹೊರಬರುತ್ತಾನೆ. ರಸ್ತೆಯ ತಿರುವಿನವರೆಗೂ ಹಾಡು ಬೆನ್ನ ಹಿಂದೆಯೇ ಕೇಳುತ್ತಿರುತ್ತದೆ; ಅಲ್ಲಿಯವರೆಗೆ ಅವನು ನಿಧಾನವಾಗಿ ನಡೆದು, ಆಮೇಲೆ ಓಡುತ್ತಾನೆ.