ಒಳಗೆ ಬಿಟ್ಟ ಬಟ್ಟೆ

ನಾನು ತೊಡುವ ಅಂಗಿಗಳನ್ನು ನಾನೇ ಹೊಲಿದುಕೊಳ್ಳುತ್ತೇನೆ ಎಂದರೆ ಹೊಸಬರು ಒಮ್ಮೆ ನನ್ನ ಮುಖ ನೋಡಿ, ಮತ್ತೊಮ್ಮೆ ಅಂಗಿ ನೋಡಿ, "ಯಾಕ್ ಸಾರ್, ಮೇಡಂ ಊರಲ್ಲಿಲ್ವಾ?" ಎನ್ನುತ್ತಾರೆ. ವಿಜ್ಞಾನದ ಮೇಷ್ಟರೊಬ್ಬರು ಹೊಲಿಗೆ ಯಂತ್ರದ ಮುಂದೆ ಕೂರುವುದು ಕುದೂರಿನಂಥ ಊರಿನಲ್ಲಿ ಸಣ್ಣ ಸುದ್ದಿಯೇನಲ್ಲ. ಹಾಗೆಂದು ನಮ್ಮ ಕಡೆ ಹೊಲಿಯುವ ಗಂಡಸರಿಗೆ ಕೊರತೆಯಿಲ್ಲ. ನಾನು ಚಿಕ್ಕಂದಿನಿಂದ ಕಂಡ ದರ್ಜಿಗಳೆಲ್ಲ ಗಂಡಸರೇ. ಕಾಸು ತೆಗೆದುಕೊಂಡು ಹೊಲಿದರೆ ಗಂಡಸಿನ ಕೆಲಸ, ಮನೆಯಲ್ಲಿ ಸುಮ್ಮನೆ ಹೊಲಿದರೆ ಹೆಂಗಸಿನ ಕೆಲಸ. ಈ ಲೆಕ್ಕವನ್ನು ಇಂದಿಗೂ ನನ್ನಿಂದ ಬಿಡಿಸಲಾಗಿಲ್ಲ.

ನನಗೆ ಈ ವಿದ್ಯೆ ಬಂದದ್ದು ಅವ್ವನಿಂದ. ಎಪ್ಪತ್ತರ ದಶಕದ ಕೊನೆಯ ಮಾತು. ಹೊಸ ಬಟ್ಟೆ ಯುಗಾದಿಗೊಮ್ಮೆ ಮನೆಗೆ ಬರುತ್ತಿತ್ತು. ಬಂದದ್ದು ಬೇಗ ಹೊರಗೆ ಹೋಗುತ್ತಿರಲಿಲ್ಲ. ಅಪ್ಪನ ಪ್ಯಾಂಟು ಮಂಡಿಯ ಬಳಿ ಸವೆದರೆ ಕತ್ತರಿಸಿ ಅಣ್ಣನಿಗೆ ಚಡ್ಡಿ, ಅಣ್ಣನಿಗೆ ಬಿಗಿಯಾದರೆ ನನಗೆ. ನಾನು ಅದರ ಹಿಂಭಾಗವನ್ನು ಶಾಲೆಯ ಬೆಂಚಿಗೆ ಅರ್ಪಿಸಿದ ಮೇಲೆ ಉಳಿದದ್ದು ಪುಸ್ತಕದ ಚೀಲ. ಅವ್ವನ ಹಳೆಯ ಸೀರೆ ಅಕ್ಕನ ಉದ್ದಲಂಗವಾಗಿ, ಲಂಗ ದಿಂಬಿನ ಗವಸಾಗಿ, ಗವಸು ಕೊನೆಗೆ ಒಲೆಯ ಪಕ್ಕದ ಮಸಿಬಟ್ಟೆಯಾಗಿ ಸೇವೆಯಿಂದ ನಿವೃತ್ತಿ ಹೊಂದುತ್ತಿತ್ತು. ದ್ರವ್ಯವನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು ಎಂದು ಪ್ರೌಢಶಾಲೆಯಲ್ಲಿ ಓದುವ ಹೊತ್ತಿಗೆ ಅದು ನನಗೆ ಹಳೆಯ ಪಾಠವಾಗಿತ್ತು.

ಇವುಗಳಲ್ಲೆಲ್ಲ ನನ್ನನ್ನು ಬೆರಗುಗೊಳಿಸಿದ್ದು ಕಾಲರ್ ತಿರುಗಿಸುವ ಕೆಲಸ. ಅಂಗಿಯ ಕಾಲರು ಕತ್ತಿಗೆ ಉಜ್ಜುವ ಮಡಿಕೆಯಲ್ಲಿ ಮೊದಲು ಸವೆಯುತ್ತದೆ. ಉಳಿದ ಅಂಗಿ ಗಟ್ಟಿಯಾಗಿಯೇ ಇರುತ್ತದೆ. ಅವ್ವ ಬ್ಲೇಡಿನ ಮೂಲೆಯಿಂದ ಒಂದೊಂದೇ ಹೊಲಿಗೆ ಕೊಯ್ದು ಕಾಲರನ್ನು ಬಿಡಿಸಿ, ಸವೆದ ಮೈ ಅಡಿಗೆ ಹೋಗುವಂತೆ ತಿರುಗಿಸಿ, ಅದೇ ಪಟ್ಟಿಯೊಳಗೆ ಕೂರಿಸಿ ಮತ್ತೆ ಹೊಲಿಯುತ್ತಿದ್ದಳು. ಆ ಅಂಗಿ ಅಪ್ಪನಿಗೆ ಇನ್ನೆರಡು ವರ್ಷ ಬರುತ್ತಿತ್ತು.

ಶನಿವಾರ ಮಧ್ಯಾಹ್ನ ಹೊಲಿಗೆ ಕಲಿಯಲು ಉಳಿಯುವ ಮಕ್ಕಳಿಗೆ ನಾನು ಮೊದಲು ಸೂಜಿ ಕೊಡುವುದಿಲ್ಲ. ಹಳೆಯ ಅಂಗಿಯೊಂದನ್ನು ಕೊಟ್ಟು, ಬಿಚ್ಚಿ ಎನ್ನುತ್ತೇನೆ. ಕಪ್ಪೆ ಕೊಯ್ದರೆ ಕಪ್ಪೆಗೆ ನೋವು. ಅಂಗಿ ಕೊಯ್ದರೆ ಯಾರಿಗೂ ಇಲ್ಲ. ಬಿಚ್ಚಿದ ತೋಳನ್ನು ನೆಲದ ಮೇಲೆ ಹರಡಿದಾಗ ಅದು ಕೊಳವೆಯಲ್ಲ, ಮೇಲೆ ಗುಡ್ಡದಂತೆ ಉಬ್ಬಿದ ಚಪ್ಪಟೆ ತುಂಡು ಎಂದು ಕಂಡು ಬಾಯಿಬಿಡುತ್ತಾರೆ. "ನಮ್ ಭೈರವನದುರ್ಗ ಇದ್ದಂಗೈತೆ ಸಾರ್" ಎಂದ ಒಬ್ಬ. ಹೋಲಿಕೆ ತಪ್ಪೇನಲ್ಲ.

ಬಟ್ಟೆಗೂ ದಿಕ್ಕಿದೆ. ಹಾಸಿನ ನೂಲಿನ ಉದ್ದಕ್ಕೆ ಎಳೆದರೆ ಅದು ಜಗ್ಗುವುದಿಲ್ಲ, ಹೊಕ್ಕಿನ ಉದ್ದಕ್ಕೆ ಎಳೆದರೂ ಹೆಚ್ಚು ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆಯಿರಿ, ರಬ್ಬರಿನಂತೆ ಹಿಗ್ಗುತ್ತದೆ. ನೂಲು ಉದ್ದವಾಗಿಲ್ಲ, ನೂಲುಗಳ ನಡುವಿನ ಚೌಕಗಳು ವಜ್ರಾಕೃತಿಗೆ ವಾಲಿವೆ, ಅಷ್ಟೆ. ಕತ್ತಿನ ಸುತ್ತ ಕೊಡುವ ಪಟ್ಟಿಯನ್ನು ದರ್ಜಿ ಓರೆಯಾಗಿ ಕತ್ತರಿಸುವುದು ಇದಕ್ಕೇ. ಇನ್ನು ಯಂತ್ರವಂತೂ ಒಂದು ಪ್ರಯೋಗಾಲಯ. ಒಮ್ಮೆ ಪೆಡಲ್ ತುಳಿದರೆ ಸೂಜಿ ಎಷ್ಟು ಸಲ ಇಳಿಯುತ್ತದೆ ಎಂದು ಎಣಿಸಿ, ದೊಡ್ಡ ಚಕ್ರ ಮತ್ತು ಸಣ್ಣ ಚಕ್ರದ ವ್ಯಾಸ ಅಳೆದು ತಾಳೆ ನೋಡಬಹುದು. ಕೈಸೂಜಿಗೆ ಕಣ್ಣು ಹಿಂದಿದ್ದರೆ ಯಂತ್ರದ ಸೂಜಿಗೆ ತುದಿಯಲ್ಲೇ ಇದೆ. 1846ರಲ್ಲಿ ಎಲಿಯಾಸ್ ಹೋವ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲೂ ಹೀಗೇ ಇತ್ತು. ಯಂತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿಯವರು 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು ಎಂದು ಹೇಳಿದರೆ ಮಕ್ಕಳು ನಂಬುವುದೇ ಇಲ್ಲ.

ಒಂದು ದಿನ ಒಬ್ಬ ತಂದೆ ಬಂದು, "ಇಂಜಿನಿಯರ್ ಆಗ್ಲಿ ಅಂತ ಮಗನ್ನ ಕಳಿಸಿದ್ರೆ ಟೈಲರ್ ಮಾಡ್ತಿದ್ದೀರಲ್ಲ ಮೇಷ್ಟ್ರೇ" ಎಂದರು. "ಡಾಕ್ಟರ್ ಆದ್ರೂ ಹೊಲಿಗೆ ಹಾಕ್ಬೇಕಲ್ಲ ಯಜಮಾನ್ರೇ" ಎಂದೆ. ನಕ್ಕು ಹೋದರು. ಹುಡುಗ ಮುಂದಿನ ಶನಿವಾರವೂ ಬಂದ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅವ್ವ ಬಟ್ಟೆ ಕತ್ತರಿಸುವಾಗ ಅಳತೆಗಿಂತ ಹೆಚ್ಚು ಬಿಡುತ್ತಿದ್ದಳು: ಪಕ್ಕಗಳಲ್ಲಿ ಒಂದೊಂದು ಇಂಚು, ಕೆಳಗೆ ನಾಲ್ಕು ಬೆರಳಿನ ಮಡಿಕೆ. "ಬೆಳೆಯೋ ಮಗ, ಒಳಗೆ ಬಟ್ಟೆ ಬಿಡಪ್ಪಾ" ಎಂದು ದರ್ಜಿಗೆ ಹೇಳದ ತಾಯಿ ಆಗ ಇರಲಿಲ್ಲ. ಪ್ರತಿ ಜೂನ್‌ನಲ್ಲಿ ಒಂದು ಸಾಲು ಹೊಲಿಗೆ ಬಿಚ್ಚಿದರೆ ಅಂಗಿ ಒಂದು ವರ್ಷ ದೊಡ್ಡದಾಗುತ್ತಿತ್ತು. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದ ಗೆರೆಯೊಂದು ಕಾಣುತ್ತಿತ್ತು. ನಮ್ಮ ತರಗತಿಯಲ್ಲಿ ಎಲ್ಲರಿಗೂ ಆ ಗೆರೆ ಇದ್ದುದರಿಂದ ಯಾರಿಗೂ ನಾಚಿಕೆಯಿರಲಿಲ್ಲ. ಇಂದು ಪೇಟೆಯಿಂದ ತಂದ ಸಿದ್ಧ ಉಡುಪನ್ನು ಒಮ್ಮೆ ಒಳಮೈ ತಿರುಗಿಸಿ ನೋಡಿ. ಓವರ್‌ಲಾಕ್ ಯಂತ್ರ ಅಂಚನ್ನು ಕತ್ತರಿಸುತ್ತಲೇ ಹೊಲಿಯುತ್ತದೆ. ಹೊಲಿಗೆಯಾಚೆ ಉಳಿಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಲಕ್ಷಗಟ್ಟಲೆ ಹೊಲಿಯುವಲ್ಲಿ ಇಂಚು ಉಳಿಸಿದರೆ ಲಾಭವೇ, ಒಪ್ಪುತ್ತೇನೆ. ಆದರೆ ಆ ಬಟ್ಟೆ ಮಗುವಿನ ಜೊತೆ ಬೆಳೆಯಲಾರದು. ಹತ್ತಿ ಬೆಳೆಯುವುದರಿಂದ ಹಿಡಿದು ಒಂದು ಹತ್ತಿಯ ಟೀ ಶರ್ಟ್ ಆಗುವವರೆಗೆ ಸುಮಾರು 2,700 ಲೀಟರ್ ನೀರು ಬೇಕು ಎಂದು ಪರಿಸರ ಸಂಸ್ಥೆಗಳು ಲೆಕ್ಕ ಹೇಳುತ್ತವೆ. ಬೋರ್‌ವೆಲ್ ಕೊರೆಸಿದವರಿಗೆ ಈ ಸಂಖ್ಯೆಯ ಅರ್ಥ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ದಸರಾ ರಜೆ ಮುಗಿದರೂ ಶಾಲೆಗೆ ಬರಲಿಲ್ಲ. ಜ್ವರ ಎಂದರು, ನೆಂಟರ ಮನೆ ಎಂದರು. ಕೊನೆಗೆ ಗೆಳತಿಯೊಬ್ಬಳು ತಗ್ಗಿದ ದನಿಯಲ್ಲಿ, "ಯೂನಿಫಾರಂ ಟೈಟ್ ಆಗೈತೆ ಸಾರ್, ಹುಡುಗ್ರು ನಗ್ತಾರೆ ಅಂತ ಬರ್ತಿಲ್ಲ" ಎಂದಳು. ವರ್ಷದ ನಡುವೆ ಇನ್ನೊಂದು ಚೂಡಿದಾರ್ ಕೊಳ್ಳುವ ಮನೆಯಲ್ಲ ಅದು. ಹೊಲಿಗೆ ಬಿಚ್ಚೋಣವೆಂದರೆ ಒಳಗೆ ಬಿಟ್ಟ ಬಟ್ಟೆಯೇ ಇಲ್ಲ. ಪಕ್ಕಗಳಿಗೆ ಬೇರೆ ಪಟ್ಟಿ ಸೇರಿಸುವುದೊಂದೇ ದಾರಿ. "ತೇಪೆ ಅಂತಾರೆ ಸಾರ್" ಎಂದು ಹುಡುಗಿ ಅಳುಮುಖ ಮಾಡಿದಳು. ಆಗ ನಾನು ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಚಿತ್ರವೊಂದನ್ನು ತೋರಿಸಿದೆ. ಹಳೆಯ ಬಟ್ಟೆಯ ತುಂಡುಗಳನ್ನು ಹೊರ ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ ಅದು. ಅಲ್ಲಿ ತೇಪೆಯೇ ಚಿತ್ತಾರ. ಮರೆಮಾಚಲು ಹೋದರೆ ತೇಪೆ, ಎರಡೂ ಕಡೆ ಸಮನಾಗಿ ಕೊಟ್ಟರೆ ಡಿಸೈನು ಎಂದು ಹುಡುಗಿಯರೇ ತೀರ್ಮಾನಿಸಿದರು. ಅಳತೆ ತೆಗೆದವರೂ ಅವರೇ. ಕಂಕುಳಿನಿಂದ ಕೆಳಗಿನವರೆಗೆ ಗಾಢ ನೀಲಿಯ ಪಟ್ಟಿ, ತೋಳಿನ ತುದಿಗೂ ಅದೇ ನೀಲಿ. ಯಂತ್ರ ತುಳಿದವನು ಭೈರವನದುರ್ಗದ ಹೋಲಿಕೆ ಕೊಟ್ಟ ಹುಡುಗ.

ಆ ಭಾನುವಾರ ಹುಡುಗಿಯ ತಾಯಿ ನಮ್ಮ ಮನೆಗೆ ಬಂದರು. ಆಕೆ ಪೀಣ್ಯದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಗಿನ ಜಾವ ಹೊರಡುವವರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಾದಾಗ ಬೆಂಗಳೂರಿನ ಬೀದಿಗಿಳಿದು, ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದರಲ್ಲ, ಆ ಸಾವಿರಾರು ಹೆಣ್ಣುಮಕ್ಕಳಂಥವರು. ಚೂಡಿದಾರನ್ನು ಒಳಮೈ ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು.

"ಹನ್ನೊಂದು ವರ್ಷದಿಂದ ಮಿಷನ್ ಮೇಲೆ ಕೂತಿದೀನಿ ಸಾರ್. ಕಾಲರ್ ಒಂದೇ ನಂದು. ಗಂಟೆಗಿಷ್ಟು ಅಂತ ಕೊಡ್ಬೇಕು. ತೋಳು ಇನ್ನೊಬ್ಳು, ಜೇಬು ಇನ್ನೊಬ್ಳು. ಪೂರ್ತಿ ಒಂದು ಅಂಗಿ ಹೊಲಿಯಕ್ಕೆ ನಂಗೆ ಬರಲ್ಲ. ನನ್ ಮಗಳ ಬಟ್ಟೆ ಯಾರೋ ಸರಿಮಾಡ್ಬೇಕಾಯ್ತಲ್ಲ" ಎಂದರು.

ನಾನು ತಿರುಗಿಸಬೇಕೆಂದು ಬಿಚ್ಚಿಟ್ಟಿದ್ದ ಅಂಗಿ ಅಲ್ಲೇ ಇತ್ತು. ಕಾಲರನ್ನು ಅವರ ಕೈಗೆ ಕೊಟ್ಟೆ. ನನಗೆ ಅರ್ಧ ಗಂಟೆ ಹಿಡಿಯುವ ಕೆಲಸ; ಕಚ್ಚಾ ಹೊಲಿಗೆಯೂ ಇಲ್ಲದೆ, ಗುಂಡುಸೂಜಿಯೂ ಇಲ್ಲದೆ, ಎರಡು ಮೂಲೆಗಳೂ ಒಂದೇ ಚೂಪಿಗೆ ಬರುವಂತೆ ಕೆಲವೇ ನಿಮಿಷದಲ್ಲಿ ಕೂರಿಸಿಬಿಟ್ಟರು. ಅಷ್ಟು ನೇರವಾದ ಹೊಲಿಗೆಯನ್ನು ನಾನು ಜನ್ಮದಲ್ಲಿ ಹಾಕಿಲ್ಲ. ಆಮೇಲೆ ಕೆಲವು ಭಾನುವಾರ ತಾಯಿ ನಮ್ಮ ಮಕ್ಕಳಿಗೆ ಕಾಲರು ಹೇಳಿಕೊಟ್ಟರು. ಮಗಳು ತಾಯಿಗೆ ತೋಳು ಕೂರಿಸುವುದನ್ನು ಹೇಳಿಕೊಟ್ಟಳು.

ಮಗಳು ಹತ್ತನೆಯ ತರಗತಿಗೆ ಬಂದಾಗ ತಾಯಿ ಬಟ್ಟೆ ತಂದು ಚೂಡಿದಾರನ್ನು ಮನೆಯಲ್ಲೇ ಹೊಲಿದರು. ಅವಳು ಅದನ್ನು ತೊಟ್ಟು ಬಂದ ದಿನ ಪಕ್ಕದಲ್ಲಿ ಎಷ್ಟು ಬಿಟ್ಟಿದ್ದೀರಮ್ಮ ಎಂದು ಕೇಳಿದೆ.

"ಎರಡಿಂಚು ಸಾರ್, ಎರಡೂ ಕಡೆ. ಬೇಡ ಅಂದ್ರೂ ಅವ್ವ ಕೇಳಲಿಲ್ಲ. ಪಿಯುಸಿಗೆ ಯೂನಿಫಾರಮ್ಮೇ ಬೇರೆ ಅಂತ ಹೇಳಿದ್ರೆ, ಇರ್ಲಿ ಬಿಡು, ತಂಗಿ ಇಲ್ವಾ ಅಂತು."