ಹಾಡು ಬರೆಯಿಸುವ ಚಿತ್ತಾರ

ಯಲ್ಲಾಪುರದಿಂದ ಶಿರಸಿಗೆ ಬರುವ ದಾರಿಯುದ್ದಕ್ಕೂ ಕಾಡು, ಅಡಿಕೆಯ ತೋಟ, ನಡುನಡುವೆ ಕೆಮ್ಮಣ್ಣಿನ ದಿಬ್ಬಗಳು. ಶಿರಸಿಯಲ್ಲಿಳಿದವರು ಮಾರಿಕಾಂಬೆಯ ದರ್ಶನ ಮಾಡದೆ ಮುಂದೆ ಹೋಗುವದಿಲ್ಲ, ನಾವೂ ಮಾಡಿದೆವು. 1688ರಲ್ಲಿ ಕಟ್ಟಿದುದೆಂದು ಹೇಳುವ ಈ ಗುಡಿಯು ಕಾವಿಯ ಚಿತ್ರಗಳಿಗೆ ಹೆಸರಾದುದು. ಬಿಳಿಯ ಗಾರೆಯ ಮೇಲೆ ಕೆಂಪು ಕಾವಿಯನ್ನು ಬಳಿದು, ಅದು ಹಸಿಯಾಗಿರುವಾಗಲೇ ಕೆರೆದು ರೂಪಗಳನ್ನು ಮೂಡಿಸುವದು ಆ ಕೆಲಸದ ಕ್ರಮ. ಅಲ್ಲಿ ಬರೆಯುವವನು ಬರೆದು ಹೋದನು. ನೋಡುವವರ ಪಾಲಿಗೆ ನೋಡುವದಷ್ಟೇ ಉಳಿಯಿತು.

ನೋಡುವವರೂ ಕೂಡಿ ಬರೆಯಿಸುವ ಚಿತ್ರವನ್ನು ಕಾಣಬೇಕಾದರೆ ಸಿದ್ದಾಪುರದ ಕಡೆಗೆ ಹೋಗಬೇಕು. ಅಲ್ಲಿಯ ದೀವರ ಮನೆಗಳಲ್ಲಿ ಮದುವೆಗೆ ಮೊದಲು ಹಸೆಗೋಡೆಯ ಮೇಲೆ ಚಿತ್ತಾರ ಬರೆಯುವದು ಹಿಂದಿನಿಂದ ಬಂದ ರೂಢಿ. ಮದುಮಕ್ಕಳು ಅದರ ಮುಂದೆಯೇ ಹಸೆಯ ಮೇಲೆ ಕುಳಿತುಕೊಳ್ಳುತ್ತಾರೆ. ಅಂಥ ಒಂದು ಮದುವೆಗೆ ಪರಿಚಿತರು ನಮ್ಮನ್ನು ಕರೆದಿದ್ದರು.

ಗೋಡೆಗೆ ಆಗಲೇ ಕೆಮ್ಮಣ್ಣು ಸಾರಿಸಿತ್ತು. ನೆನೆಯಿಸಿ ಅರೆದ ಅಕ್ಕಿಯಿಂದ ಬಿಳುಪು, ಕರಿಕಾಗಿ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆಯಿಂದ ಹಳದಿ. ಕುಂಚವೆಂದರೆ ಪುಂಡಿಯ ನಾರು. ಮೊಮ್ಮಗಳು ಎಳೆಗಳನ್ನು ಎಳೆಯುತ್ತಿದ್ದಳು. ಅಜ್ಜಿಯೂ ನೆರೆಮನೆಯ ಹೆಂಗಸರೂ ಸುತ್ತ ಕುಳಿತು ಹಾಡುತ್ತಿದ್ದರು. ಹಾಡಿನ ನಡುವೆ ಒಬ್ಬಳು, “ಬಾಸಿಂಗಕ್ಕೆ ಇನ್ನೊಂದೆಳೆ ಬೇಕು” ಎಂದಳು. ಇನ್ನೊಬ್ಬಳು ದಂಡಿಗೆ ಚಿಕ್ಕದಾಯಿತೆಂದಳು. ಹುಡುಗಿ ಹಾಗೆಯೇ ತಿದ್ದಿದಳು.

ಅಷ್ಟರಲ್ಲಿ ನನ್ನ ಮನೆಯವಳ ಕೈಗೂ ಕುಂಚ ಬಂದಿತು. ಅವಳೆಳೆದ ಗೆರೆ ಓರೆಯಾಯಿತು. ಅವಳು ನಾಚಿ ಒರೆಸಲು ಹೋದಾಗ ಅಜ್ಜಿ ನಕ್ಕು, “ಇರಲಿ ಬಿಡು ತಂಗಿ, ನಿನ್ನ ಕೈಯೂ ಇದರಲ್ಲಿರಲಿ” ಎಂದು ಪಕ್ಕದಲ್ಲಿ ಮತ್ತೊಂದು ಎಳೆಯನ್ನು ಮೊಮ್ಮಗಳಿಂದ ಎಳೆಯಿಸಿದರು. ಓರೆಯೇ ಒಂದು ಬೆಡಗಾಯಿತು.

ಆದರೆ ಊಟದ ಹೊತ್ತಿಗೆ ಅಜ್ಜಿಯ ಮನಸ್ಸಿನ ಚಿಂತೆ ತಿಳಿಯಿತು. “ಇವಳಿಗೆ ಎಳೆ ಬರುತ್ತದೆ, ಹಾಡು ಬರುವದಿಲ್ಲ. ನನಗೆ ಹಾಡು ಬರುತ್ತದೆ, ಕೈ ನಡುಗುತ್ತದೆ” ಎಂದರು. ಮಣ್ಣಿನ ಗೋಡೆಗಳು ಹೋಗಿ ಸಿಮೆಂಟಿನವು ಬಂದಿವೆ. ಚಿತ್ತಾರವು ಕಾಗದ, ಬಟ್ಟೆಗಳ ಮೇಲೇರಿ ಪಟ್ಟಣ ಸೇರಿದೆ. ಅದರಿಂದ ನಾಲ್ಕು ಕಾಸು ಬರುವದು, ಕಲೆಯೂ ಉಳಿಯುವದು, ಅದನ್ನು ತಪ್ಪೆನ್ನಲಾಗದು. ಆದರೆ ಕಾಗದದ ಮುಂದೆ ಹುಡುಗಿ ಒಬ್ಬಳೇ ಕೂರುತ್ತಾಳೆ. ಇನ್ನೊಂದೆಳೆ ಬೇಕೆಂದು ಹೇಳುವವರು ಅಲ್ಲಿಲ್ಲ.

ಆಶ್ವೀಜದ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರವನ್ನು ಬರೆಯುತ್ತಾರೆ. ಅಷ್ಟರೊಳಗೆ ಅಜ್ಜಿಯಿಂದ ಹಾಡು ಕಲಿಯುವೆನೆಂದು ಮೊಮ್ಮಗಳು ನಮ್ಮೆದುರಿಗೆ ಮಾತು ಕೊಟ್ಟಳು. ಆ ಸೀಮೆಗೆ ಹೋಗುವ ಗೃಹಸ್ಥರು ಚಿತ್ತಾರವನ್ನು ಅವಶ್ಯ ಕೊಳ್ಳಲಿ. ಆದರೆ ಬರೆದವಳ ಮನೆಯ ಜಗಲಿಯಲ್ಲಿ ಗಳಿಗೆ ಹೊತ್ತು ಕುಳಿತು, ಅದರ ಹಾಡನ್ನೂ ಕೇಳಿ ಬರಲಿ. ಕೇಳುವವರಿದ್ದರೆ ಹಾಡುವವರು ಉಂಟಾಗುವರು.